ಆ ಮಗ್ಗಗಳ ಒಡತಿ ನಾನಂತೆ!

ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ಏಳೆಂಟು ವರ್ಷ ಕಳೆದಿತ್ತು. ನನ್ನ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ವರ್ಷ. ಆಗ ನಾನು ದೊಡ್ಡಬಳ್ಳಾಪುರದ ಒಂದು ಬಟ್ಟೆ ನೇಯುವ ಕಾರ್ಖಾನೆಯಲ್ಲಿ ಗುಮಾಸ್ತೆಯಾಗಿದ್ದೆ. ಇಟಲಿಯಿಂದ ತರಿಸಿದ ಹನ್ನೆರಡು ಮಗ್ಗಗಳು, ಮೂವತ್ತು ಜನ ಕೆಲಸಗಾರರು.

ಒಂದು ಬೆಳಿಗ್ಗೆ ಕೋರ್ಟಿನ ಅಮೀನರು ಬಂದರು, ಜೊತೆಗೆ ಮಗ್ಗ ಮಾರಿದ ಇಟಲಿ ಕಂಪನಿಯ ವಕೀಲರು. ಮಗ್ಗಗಳನ್ನು ಜಪ್ತಿ ಮಾಡಬೇಕೆಂದರು. ನನಗೆ ತಲೆಬುಡ ತಿಳಿಯಲಿಲ್ಲ.

"ನಿಮ್ಮ ಓನರ್ರು ಮಗ್ಗದ ದುಡ್ಡು ಕೊಟ್ಟಿಲ್ಲಮ್ಮ," ಎಂದರು ವಕೀಲರು. "ಒಪ್ಪಂದದ ಪ್ರಕಾರ ಸಿಂಗಪುರದಲ್ಲಿ ಮಧ್ಯಸ್ಥಗಾರರ ಮುಂದೆ ವಿಚಾರಣೆ ಆಗಿ ಇಟಲಿಯವರು ಗೆದ್ರು. ಆ ತೀರ್ಪು ಇಲ್ಲಿ ನಡೆಯಲ್ಲ ಅಂತ ಇವ್ರು ತಕರಾರು ಮೇಲೆ ತಕರಾರು. ಐದು ವರ್ಷ ಅಲೆದ ಮೇಲೆ ಈಗ ಇಲ್ಲಿನ ಕೋರ್ಟು ಜಪ್ತಿಗೆ ಆರ್ಡರ್ ಕೊಟ್ಟಿದೆ."

ಮಾಲೀಕರಿಗೆ ಫೋನ್ ಮಾಡಿದೆ. ಅವರು ನಗುತ್ತಲೇ, "ಗಾಬರಿ ಆಗ್ಬೇಡ ಸುಜಾತಮ್ಮ. ಮಗ್ಗ ಈಗ ಬೇರೆ ಕಂಪನೀದು. ಬೀರುವಲ್ಲಿರೋ ನೀಲಿ ಫೈಲು ತೋರ್ಸು," ಎಂದರು.

ತೋರಿಸಿದೆ. ಅಮೀನರು ಪುಟ ತಿರುವಿ ನನ್ನ ಮುಖ ನೋಡಿದರು. "ನಿಮ್ಮ ಹೆಸರೇನಮ್ಮ?"

ಹೇಳಿದೆ.

"ಹಂಗಾದ್ರೆ ಹೊಸ ಕಂಪನಿ ಡೈರೆಕ್ಟರ್ರು ನೀವೇ ಅಲ್ವಾ? ಈ ಮಗ್ಗವೆಲ್ಲ ನಿಮ್ದೇ!"

ಫೈಲು ಈಸಿಕೊಂಡು ನೋಡಿದೆ. ಸಹಿ ನನ್ನದೇ. ಹಿಂದಿನ ವರ್ಷ ಬ್ಯಾಂಕಿನ ಕೆಲಸಕ್ಕೆಂದು ಮಾಲೀಕರು ಹಾಕಿಸಿಕೊಂಡಿದ್ದು. ತಿಂಗಳ ಸಂಬಳಕ್ಕೆ ಕಾಯುವ ನಾನು ಕೋಟಿಗಟ್ಟಲೆ ಬೆಲೆಯ ಮಗ್ಗಗಳ ಒಡತಿ! ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಮತ್ತೆ ಮಾಲೀಕರ ಫೋನ್. "ಮಗ್ಗ ನಂದೇ ಅಂತ ನೀನು ಅವ್ರಿಗೆ ಹೇಳ್ಬಿಡು, ಸಾಕು. ವಾಪಸ್ ಹೋಗ್ತಾರೆ. ನಿನ್ನ ಮಗಳ ಕಾಲೇಜು ಫೀಸು ನಾನೇ ಕಟ್ತೀನಿ."

ಮಗಳ ಮಾತೆತ್ತಿದ್ದೇ ತಡ, ನನ್ನ ಭಯವೆಲ್ಲ ಸಿಟ್ಟಾಯಿತು. ಫೋನ್ ಇಟ್ಟು ಅಮೀನರಿಗೆ, "ಸಾರ್, ಇದರಲ್ಲಿ ಒಂದೂ ನಂದಲ್ಲ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ," ಎಂದೆ.

ಬೆಂಗಳೂರಿನ ಕೋರ್ಟಿಗೆ ಎಂಟು ಸಲ ಅಲೆದೆ. ನಾನೇ ಸುಳ್ಳುಗಾತಿ ಎಂದು ಮಾಲೀಕರ ವಕೀಲರು ವಾದಿಸಿದರು. ನ್ಯಾಯಾಧೀಶರು ನನ್ನ ಮಾತು ನಂಬಿದರು. ಹೊಸ ಕಂಪನಿ ಬರೀ ಕಾಗದದ ಮೇಲಿನದೆಂದು ತೀರ್ಮಾನವಾಗಿ ಮಗ್ಗಗಳು ಹರಾಜಾದವು. ಕಾರ್ಖಾನೆ ಮುಚ್ಚಿತು.

ಈಗ ನಾನು ಸೀರೆ ಅಂಗಡಿಯೊಂದರಲ್ಲಿದ್ದೇನೆ. ಕಳೆದ ತಿಂಗಳು, ಆ ಕಾರ್ಖಾನೆಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ಗಿರಿಜಕ್ಕ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. "ನೀನು ಹೇಳಿದ್ದು ಸರೀನೇ ಕಣೇ. ಆದ್ರೆ ನಮ್ಮೆಲ್ಲರ ಕೆಲಸ ಹೋಯ್ತಲ್ಲೇ," ಎಂದಳು.

ನಾನು ತಪ್ಪು ಮಾಡಲಿಲ್ಲವೆಂದು ನನಗೆ ಗೊತ್ತು. ಆದರೂ ಅವಳ ಮುಖ ನೋಡಲಾಗದೆ, ಎದುರಿಗೆ ಬಂದ ಬಸ್ಸು ಯಾವ ಊರಿನದೆಂದೂ ನೋಡದೆ ಹತ್ತಿಬಿಟ್ಟೆ.