ಬಳೆ ತೊಟ್ಟ ಶನಿ

ನಂಜುಂಡಯ್ಯ ಮೇಷ್ಟ್ರು ಕೊತ್ತಂಬರಿ ಕಟ್ಟು ಮೂಸಿ ನೋಡುತ್ತಾ ಮಂಗಳಗ್ರಹದ ಮೇಲೆ ಪದ್ಯ ಹೇಳೋರು. "ಕೆಮ್ಮಣ್ಣು ಕೆದರಿ ಕೂತ ಕೆಂಪು ಕೋಳಿ!" ಒಂದು ಗ್ರಹಕ್ಕೆ ಒಂದೇ ಅಕ್ಷರ, ಅದು ಅವರ ಹಟ. ಮಲ್ಲೇಶ್ವರದಲ್ಲಿ ನಾನು ಸೊಪ್ಪು ಮಾರೋಳು, ಅವರು ರಿಟೈರಾದ ಸ್ಕೂಲ್ ಮೇಷ್ಟ್ರು. ಪದ್ಯ ಮುಗಿಯೋವರೆಗೂ ಕಟ್ಟು ಕೆಳಗಿಡೋರಲ್ಲ. ಹಿಂದೆ ನಿಂತ ಗಿರಾಕಿಗಳು ಗೊಣಗೋರು.

ಶನಿವಾರ ಶನಿವಾರ ನಾನು ಎಳ್ಳುದೀಪ ಹಚ್ಚುತ್ತಿದ್ದೆ. ಬಿಡಿಸಿದ್ದು ಅವರೇ. "ಶನಿ ಸುತ್ತ ಬಳೆ ಇದೆ ರಂಗಮ್ಮ. ಬಳೆ ತೊಟ್ಟು ಬಾನಬೀದಿಯಲಿ ಬಳುಕಿ ಬರುವ ಬಿಂಕದ ಬೆಡಗಿ! ಅವಳಿಗೆ ನಿನ್ನ ಸೊಪ್ಪಿನ ಗಾಡಿ ನೋಡೋಕೆ ಪುರುಸೊತ್ತೆಲ್ಲಿ?" ನಕ್ಕುಬಿಟ್ಟೆ. ನಕ್ಕ ಮೇಲೆ ಹೆದರಿಕೆ ಉಳಿಯಲಿಲ್ಲ.

ಮಗಳು ಗೌರಿಗೆ ಗಂಡು ಗೊತ್ತಾದಾಗ ಜೋಯಿಸರು, ಹುಡುಗನಿಗೆ ಶನಿಕಾಟ, ಶಾಂತಿ ಮಾಡಿಸದೆ ಕೊಡಬೇಡಿ ಅಂದರು. ಅವರಿಗೆ ಮೇಷ್ಟ್ರ ಪದ್ಯ ಹೇಳಿ ಹಾಗೇ ಮದುವೆ ಮಾಡಿದೆ. ವರ್ಷ ತುಂಬೋದ್ರೊಳಗೆ ಅಳಿಯನಿಗೆ ಲಾರಿ ಗುದ್ದಿತು. ಹೆಣದ ಮುಂದೆಯೇ ನನ್ನ ನಾದಿನಿ, "ಹೇಳಿದ್ರೂ ಕೇಳಲಿಲ್ಲ, ಅಳಿಯನ್ನ ತಿಂದ್ಕೊಂಡ್ಳು" ಅಂದಳು. ಶ್ರೀರಾಂಪುರದ ನಮ್ಮ ಮನೆಗೆ ಬಂದಿದ್ದ ಮೇಷ್ಟ್ರು ಎಲ್ಲರಿಗೂ ಕೇಳೋ ಹಾಗೆ, "ಗುದ್ದಿದ್ದು ಲಾರಿ, ಗ್ರಹ ಅಲ್ಲ. ಗೌರಿ, ಬಳೆ ತೆಗೀಬೇಡ ಮಗು" ಅಂದರು. ಅವಳು ತೆಗೆಯಲಿಲ್ಲ. ಆ ಮಾತು ಹಿಡಿದುಕೊಂಡೇ ನಾನು ಮತ್ತೆ ಸೊಪ್ಪಿಗೆ ಕೂತೆ.

ಹೋದ ವರ್ಷ ಒಂದು ಶನಿವಾರ ಗುಡಿಗೆ ತುಳಸಿ ಕೊಡಲು ಹೋದೆ. ನವಗ್ರಹದ ಹತ್ತಿರ ಮೇಷ್ಟ್ರು. ಕೈಯಲ್ಲಿ ಕರಿಬಟ್ಟೆಯ ಎಳ್ಳುಗಂಟಿನ ದೀಪ. ಕಣ್ಣು ಅರ್ಧ ಮುಚ್ಚಿ ಸುತ್ತುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ಪದ್ಯಕ್ಕಲ್ಲ.

"ಏನ್ ಮೇಷ್ಟ್ರೇ ಇದು?"

ಬೆಚ್ಚಿದರು. "ಮೊಮ್ಮಗಳ ಮದುವೆ ರಂಗಮ್ಮ. ಹುಡುಗನ ಜಾತಕದಲ್ಲಿ... ಸುಮ್ನೆ ಯಾಕೆ ರಿಸ್ಕು ಅಂತ."

"ನನ್ನ ಮಗಳಿಗೆ ಪದ್ಯ, ನಿಮ್ಮ ಮೊಮ್ಮಗಳಿಗೆ ದೀಪಾನಾ?"

ಮೇಷ್ಟ್ರು ದೀಪಕ್ಕೆ ಕೈ ಅಡ್ಡ ಹಿಡಿದು ಉಳಿದ ಸುತ್ತು ಮುಗಿಸಿದರು. ಅಳಿಯ ಸತ್ತಾಗಲೂ ಬಾರದ ಅನುಮಾನ ನನಗೆ ಅವತ್ತು ಬಂತು. ಶಾಂತಿ ಮಾಡಿಸಬೇಕಿತ್ತಾ? ಇನ್ನೂ ಹೋಗಿಲ್ಲ ಅದು.

ಆಮೇಲೆ ಅವರು ಎದುರು ಫುಟ್‌ಪಾತಲ್ಲೇ ಓಡಾಡೋರು. ಯುಗಾದಿ ಹೊತ್ತಿಗೆ ತೀರಿಕೊಂಡರು. ನಾನು ಹೋಗಲಿಲ್ಲ. ಗೌರಿ ಹೋಗಿ ಅತ್ತು ಬಂದಳು.

"ಅಂಥೋರು ಇನ್ನು ಸಿಗಲ್ಲ ಕಣಮ್ಮ," ಅಂತ ಮುಂಗೈಯಲ್ಲಿ ಕಣ್ಣೊರೆಸಿಕೊಂಡಳು. ಹಸಿರು ಬಳೆ ಸದ್ದು ಮಾಡಿದವು.

"ಹೂಂ ಕಣೇ," ಅಂದು ಸೊಪ್ಪಿಗೆ ನೀರು ಚಿಮುಕಿಸಿದೆ. ಗುಡಿಯಲ್ಲಿ ಕಂಡದ್ದನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.