ವಾಗದರಿಯ ಹೊಲ, ಅಲಬಾಮಾದ ಹೊಲ

ಸೆಪ್ಟೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ ವಿಜಯಪುರದಲ್ಲಿ ಸೊಲ್ಲಾಪುರದ ರೈಲು ಹತ್ತಿದೆವು. ನನ್ನ ಜೊತೆಗಿದ್ದವರು ಲೊರೇನ್. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಇತಿಹಾಸ ಕಲಿಸುವವರು, ಆಫ್ರಿಕಾ ಮೂಲದವರು, ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ಹಿರಿಯರು. ನಾನು ಪಾಠ ಮಾಡುವ ಕಾಲೇಜಿಗೆ ಉಪನ್ಯಾಸಕ್ಕೆ ಬಂದವರು, ಹಿಂದೆ ಹತ್ತಿ ಬೆಳೆಯುತ್ತಿದ್ದ ನೆಲವನ್ನು ಕಣ್ಣಾರೆ ನೋಡಬೇಕು ಎಂದಿದ್ದರು. ನನ್ನ ತಂಗಿ ಶೈಲಾಳನ್ನು ಕೊಟ್ಟಿರುವುದು ಅಕ್ಕಲಕೋಟ ತಾಲೂಕಿನ ವಾಗದರಿಗೆ. ಅದು ದೊಡ್ಡ ಒಕ್ಕಲುತನದ ಮನೆ. ಅಲ್ಲಿಗೇ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದೆ. ಟಿಕೆಟಿನ ದರ ಕೇಳಿ ಲೊರೇನ್ ನಕ್ಕರು. ತಮ್ಮೂರಿನಲ್ಲಿ ಅಷ್ಟಕ್ಕೆ ಅರ್ಧ ಲೋಟ ಕಾಫಿಯೂ ಬರುವುದಿಲ್ಲವಂತೆ.

ಹಿಂದಿನ ರಾತ್ರಿ ಮಳೆಯಾಗಿತ್ತು. ಇಂಡಿ ದಾಟಿದ ಮೇಲೆ ಎರಡೂ ಕಡೆ ಒದ್ದೆಯಾದ ಯರೆಹೊಲಗಳು, ಮೊಣಕಾಲೆತ್ತರದ ತೊಗರಿ. ಲೊರೇನ್ ಕಿಟಕಿ ಬಿಟ್ಟು ಏಳಲಿಲ್ಲ. "ನಮ್ಮ ಕಡೆಯ ಮಣ್ಣೂ ಇದೇ ಬಣ್ಣ," ಎಂದರು. "ಅಲಬಾಮಾದ ನಡುವೆ ಕರಿಮಣ್ಣಿನ ಪಟ್ಟಿ ಎಂದೇ ಹೆಸರಾದ ಸೀಮೆಯಿದೆ. ಆ ಮಣ್ಣಿನ ಸಲುವಾಗಿಯೇ ನನ್ನ ಹಿರಿಯರನ್ನು ಅಲ್ಲಿಗೆ ತಂದದ್ದು."

ಭೀಮಾ ನದಿಯ ಸೇತುವೆ ಬರುವವರೆಗೆ ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಹೋದೆ. ಅವರ ಅಜ್ಜಿಯ ಅಜ್ಜಿ ಹುಟ್ಟಿದ್ದು ವರ್ಜೀನಿಯಾದಲ್ಲಿ. ಹೊಗೆಸೊಪ್ಪು ಬೆಳೆದು ಬೆಳೆದು ಅಲ್ಲಿಯ ನೆಲ ಸಾರ ಕಳೆದುಕೊಂಡಿತ್ತು. ಅದೇ ಹೊತ್ತಿಗೆ ಸರ್ಕಾರ ಮೂಲನಿವಾಸಿಗಳನ್ನು ಹೊರಗಟ್ಟಿ, ಪಶ್ಚಿಮದಲ್ಲಿ ಹೊಸ ಹೊಸ ಸೀಮೆಗಳನ್ನು ದೇಶಕ್ಕೆ ಸೇರಿಸಿಕೊಳ್ಳುತ್ತಿತ್ತು. ಹತ್ತಿಗೆ ಹೇಳಿಮಾಡಿಸಿದ ನೆಲ, ಆದರೆ ದುಡಿಯುವ ಕೈಗಳಿಲ್ಲ. ಹಳೆಯ ಸೀಮೆಯ ಒಡೆಯರು ತಮ್ಮ ಗುಲಾಮರನ್ನು ಅಲ್ಲಿಗೆ ಮಾರತೊಡಗಿದರು. ಆ ಅಜ್ಜಿ ಇನ್ನೂ ಚಿಕ್ಕ ಹುಡುಗಿ. ತಾಯಿ ಉಳಿದಲ್ಲೇ ಉಳಿದಳು. ಮಗಳನ್ನು ಸರಪಳಿಯ ಸಾಲಿನಲ್ಲಿ ನೂರಾರು ಮೈಲಿ ನಡೆಸಿಕೊಂಡು ಹೋದರು. ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಹೊಸ ಸೀಮೆ ಸೇರಿದಾಗಲೆಲ್ಲ ಒಂದೇ ಜಗಳ," ಎಂದರು ಲೊರೇನ್. "ಇಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ? ನಕ್ಷೆಯ ಮೇಲೆ ಗೆರೆ ಎಳೆದು ನೋಡಿದರು. ಗೆರೆ ನಿಲ್ಲಲಿಲ್ಲ. ಚರ್ಚುಗಳು ಒಡೆದು ಎರಡಾದವು, ಪಕ್ಷಗಳು ಒಡೆದವು, ಕೊನೆಗೆ ದೇಶವೇ ಒಡೆದು ಯುದ್ಧವಾಯಿತು. ಆಮೇಲೆ ನಮ್ಮವರಿಗೆ ಬಿಡುಗಡೆ ಬಂತು. ಜಮೀನು ಬರಲಿಲ್ಲ."

ಹೋಟಗಿ ಜಂಕ್ಷನ್ನಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ಸೊಲ್ಲಾಪುರದಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಆಟೋದವನ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡತೊಡಗಿದೆ. ಅವನು ನನ್ನ ಮರಾಠಿ ಕೇಳಿ, "ಕನ್ನಡದಾಗ ಮಾತಾಡ್ರಿ ಬಾಯಾರ, ನಮ್ಮ ಮನ್ಯಾಗೂ ಅದ ಮಾತು. ಓದಾಕ ಅಷ್ಟ ಬರಂಗಿಲ್ಲ," ಎಂದ. ಮುಚ್ಚಿಹೋದ ಹಳೆಯ ಬಟ್ಟೆ ಗಿರಣಿಯೊಂದರ ಮುಂದೆ ನಿಲ್ಲಿಸಿದ. ಕಲ್ಲಿನ ಗೋಡೆಯ ಹಿಂದೆ ಚಿಮಣಿ ಮಾತ್ರ ಕಾಣುತ್ತಿತ್ತು. ಅಮೆರಿಕದ ಯುದ್ಧದ ಕಾಲದಲ್ಲಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ನಮ್ಮ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂದದ್ದನ್ನೂ ಯುದ್ಧ ಮುಗಿದೊಡನೆ ಆ ಬೆಲೆ ಕುಸಿದದ್ದನ್ನೂ ಹೇಳಿದೆ. ಗಿರಣಿಗಳು ಅದರ ನಂತರದವು. ಲೊರೇನ್ ಗೋಡೆಗೆ ಕೈಯಿಟ್ಟು ನಿಂತರು.

"ಆಗ ನಿಮ್ಮ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದವರು ಯಾರು?" ಎಂದು ಕೇಳಿದರು.

ಇಷ್ಟು ವರ್ಷ ಇದೇ ಇತಿಹಾಸದ ಪಾಠ ಹೇಳಿದ್ದೇನೆ. ಬೆಲೆ ಗೊತ್ತಿತ್ತು, ಬಂದರುಗಳ ಹೆಸರು ಗೊತ್ತಿತ್ತು. ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

ಆ ರಾತ್ರಿ ಸೊಲ್ಲಾಪುರದ ಒಂದು ಲಾಡ್ಜಿನಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಹೋದೆವು, ನಲವತ್ತು ಕಿಲೋಮೀಟರಿನಷ್ಟು ದಾರಿ. ತಂಗಿಯ ಗಂಡ ಶರಣಪ್ಪ ಬಸ್ ಸ್ಟ್ಯಾಂಡಿಗೆ ಜೀಪು ತಂದಿದ್ದರು. ವಾಗದರಿ ತಲುಪಿದೊಡನೆ ಲೊರೇನ್ ಹೊಲಕ್ಕೆ ಇಳಿದರು. ನಾಲ್ಕು ಹೆಜ್ಜೆ ಇಡುವುದರೊಳಗೆ ಯರೆಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಎತ್ತಲಾಗಲಿಲ್ಲ. ಅವರು ಬೂಟು ಕಳಚಿ ಬರಿಗಾಲಲ್ಲಿ ನಡೆದದ್ದು ಶರಣಪ್ಪನವರಿಗೆ ಬಹಳ ಹಿಡಿಸಿತು. ಈಗ ಹತ್ತಿ ಬೆಳೆಯುವುದಿಲ್ಲ, ತೊಗರಿ ಮತ್ತು ಕಬ್ಬು ಎಂದು ದೂರದವರೆಗೆ ಕೈ ತೋರಿಸಿ ಹೇಳಿದರು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. ಶರಣಪ್ಪನವರ ತಾಯಿ ಗಂಗಾಬಾಯಿ, ಎಂಬತ್ತು ದಾಟಿದವರು, ಲೊರೇನ್ ಪಕ್ಕದಲ್ಲೇ ಕುಳಿತು ತುಪ್ಪ ಹಾಕಿಸುತ್ತಿದ್ದರು. ಉಂಡಾದ ಮೇಲೆ ಲೊರೇನ್ ಅವರಿಗೆ ಅದೇ ಪ್ರಶ್ನೆ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ: ಹಿಂದೆ ಈ ಹೊಲದಲ್ಲಿ ದುಡಿದವರು ಯಾರು?

ಗಂಗಾಬಾಯಿ ತಡ ಮಾಡಲಿಲ್ಲ. "ಹಳೀದು ನನಗ ಗೊತ್ತಿಲ್ರಿ. ನಾ ಕಂಡದ್ದು ಹೇಳ್ತೀನಿ. ನಾ ಲಗ್ನಾಗಿ ಬಂದಾಗ ಹೊಲ ಇಷ್ಟ ಇರಲಿಲ್ಲ. ನಮ್ಮ ಮಾವ ವರ್ಷಾ ಒಂದಿಷ್ಟು ಬೀಳು ತಗೋತಿದ್ದ. ಹೊಲ ಹೆಚ್ಚಾತು, ದುಡಿಯಾವ್ರು ಬೇಕಾತು. ಆಗ ಮರೆಪ್ಪ ಬಂದ. ಮಗಳ ಲಗ್ನಕ್ಕ ಸಾಲ ತಗೊಂಡಿದ್ದ. ಅದು ಮುಟ್ಟೂತನಕ ಸಾಲಗಡಿ ಅಂತ, ಜೀತಕ್ಕ, ಮನ್ಯಾಗ ಇಟಗೊಂಡ್ರು. ಮುಟ್ಟಲೇ ಇಲ್ಲ. ಅವಾ ಸತ್ತಮ್ಯಾಲ ಅವನ ಮಗಾ ಬಂದ. ಮ್ಯಾಲಿನ ಹೊಲದ ಕಲ್ಲೆಲ್ಲಾ ಮರೆಪ್ಪ ಆರಿಸಿದ್ದು. ಊಟ ದನದ ಕೊಟಗ್ಯಾಗ. ನಾನ ಹಾಕೀನಿ, ಮುಟ್ಟದಂಗ, ಮ್ಯಾಲಿಂದ."

ನಾನು ಇಂಗ್ಲಿಷಿಗೆ ತಿರುಗುವ ಮುಂಚೆಯೇ ಶರಣಪ್ಪ ಮೆಲ್ಲಗೆ, "ಅಕ್ಕಾರ, ಇದನ್ನ ಅವರಿಗೆ ಹೇಳಬ್ಯಾಡ್ರಿ," ಎಂದರು. "ಆಗ ಎಲ್ಲಾರ ಮನ್ಯಾಗೂ ಹಂಗ ಇತ್ತು. ಹೊರದೇಶದವರ ಮುಂದ ನಮ್ಮ ಮನಿ ಮರ್ಯಾದಿ ಅದ."

ಅಡುಗೆಮನೆಯ ಬಾಗಿಲಲ್ಲಿ ಶೈಲಾ ನಿಂತಿದ್ದಳು. ಅವಳು ಬಾಳಬೇಕಾದ ಮನೆ ಇದು. ನಾನು ಇವತ್ತು ಬಂದು ನಾಳೆ ಹೋಗುವವಳು. ಬೆಳೆಗಳ ವಿಷಯವೆಂದು ಏನಾದರೂ ಹೇಳಿ ತೇಲಿಸಿಬಿಡಬಹುದಿತ್ತು. ಲೊರೇನ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದರು.

"ಹೇಳ್ರಿ ಬಾಯಾರ," ಎಂದರು ಗಂಗಾಬಾಯಿ. "ಅಷ್ಟ ದೂರಿಂದ ಕೇಳಾಕ ಬಂದಾರ. ನಾ ಹೋದಮ್ಯಾಲ ಯಾರ ಹೇಳ್ತಾರ?"

ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ. ಶರಣಪ್ಪ ಎದ್ದು ಅಂಗಳಕ್ಕೆ ಹೋದರು.

"ಅವರನ್ನು ಮಾರಲು ಆಗುತ್ತಿತ್ತೇ?" ಎಂದು ಲೊರೇನ್ ಕೇಳಿದರು.

"ಇಲ್ರಿ, ಮಾರಾಕ ಬರ್ತಿರಲಿಲ್ಲ," ಎಂದರು ಗಂಗಾಬಾಯಿ. "ಅವಗ ಬಿಟ್ಟ ಹೋಗಾಕೂ ಬರ್ತಿರಲಿಲ್ಲ."

"ಹಾಗಾದರೆ ಎರಡೂ ಒಂದೇ ಅಲ್ಲ," ಎಂದರು ಲೊರೇನ್. "ಆದರೆ ಬಿಡುಗಡೆಯಾದ ಮೇಲೂ ನನ್ನ ಮುತ್ತಜ್ಜ ಅದೇ ಒಡೆಯನ ಹೊಲದಲ್ಲಿ ಪಾಲಿಗೆ ದುಡಿದರು. ವರ್ಷದ ಕೊನೆಗೆ ಅವರೇ ಸಾಲಗಾರರು. ಈ ಬಿಟ್ಟು ಹೋಗಲಾರದ ಸ್ಥಿತಿ ನನಗೆ ಗೊತ್ತು. ಮರೆಪ್ಪನವರ ಮನೆಯವರು ಈಗ ಎಲ್ಲಿದ್ದಾರೆ?"

ಮರೆಪ್ಪನ ಮೊಮ್ಮಗಳು ಸುನಂದಾ ಅಕ್ಕಲಕೋಟದ ಒಂದು ಆಸ್ಪತ್ರೆಯಲ್ಲಿ ನರ್ಸು ಎಂದರು ಗಂಗಾಬಾಯಿ. ಸರ್ಕಾರ ಜೀತ ನಿಲ್ಲಿಸಿದ ಮೇಲೆ ಅವಳ ತಂದೆ ವಾಗದರಿ ಬಿಟ್ಟು ಸೊಲ್ಲಾಪುರದ ಗಿರಣಿ ಸೇರಿ, ಅದು ಮುಚ್ಚುವ ಮೊದಲು ಮಗಳನ್ನು ಓದಿಸಿದ್ದನಂತೆ. ಗಂಗಾಬಾಯಿಗೆ ಜ್ವರ ಬಂದು ಅಡ್ಮಿಟ್ ಆದಾಗ ಸೂಜಿ ಹಾಕಿದವಳು ಅವಳೇ. "ಆಕಿ ಮನಿಗೆ ಬರ್ರಿ ಅಂದಿದ್ಲು. ನಾ ಹೋಗಲಿಲ್ಲ," ಎಂದು ಹೇಳಿ ಮುದುಕಿ ಗೋಡೆ ಹಿಡಿದು ಎದ್ದು ನಿಂತರು. "ಈಗ ಹೋಗೋಣು."

ಶರಣಪ್ಪ ಜೀಪು ಹೊರಡಿಸಿದರು. ಸುನಂದಾಳ ಮನೆಯ ಮುಂದೆ ನಿಲ್ಲಿಸಿ, ಇಳಿಯದೆ, ಬಾಗಿಲಿಗೆ ಬಂದ ಅವಳಿಗೆ, "ಏ ಸುನಂದಾ, ನಮ್ಮವ್ವನ್ನ ಲಗೂನ ಕಳಸು, ಇವರಿಗೆ ಬಸ್ಸದ," ಎಂದರು. ನಲವತ್ತೈದರ ಹೆಂಗಸು, ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು. ಗಂಗಾಬಾಯಿಯನ್ನು ಕೈಹಿಡಿದು ಒಳಗೆ ಕರೆದುಕೊಂಡಳು.

ಒಳಗೆ ಚಹಾ ಬಂತು. ಗಂಗಾಬಾಯಿ ಕುಡಿದರು. ಲೊರೇನ್ ತಾವು ಯಾರೆಂದು ಹೇಳಿ, ಸುನಂದಾಳ ಅಜ್ಜನ ಬಗ್ಗೆ ಕೇಳಿದರು.

"ನಮ್ಮಪ್ಪ ಏನೂ ಹೇಳತಿರಲಿಲ್ರಿ," ಎಂದಳು ಸುನಂದಾ. "ವಾಗದರಿ ಅಂದ್ರ ಎದ್ದ ಹೊರಗ ಹೋಗತಿದ್ದ. ನಾ ಆ ಊರಿನ ಬಸ್ಸೂ ಹತ್ತಿಲ್ಲ."

"ಮ್ಯಾಲಿನ ಹೊಲ ನಿಮ್ಮಜ್ಜ ಹಸನ ಮಾಡಿದ್ದವ್ವ," ಎಂದರು ಗಂಗಾಬಾಯಿ. "ಆ ಕಲ್ಲಿನ ಗುಂಪಿ ಇನ್ನೂ ಅದ, ಬದುವಿನ ಮ್ಯಾಲ."

ಸುನಂದಾ ಕಪ್ಪು ಕೆಳಗಿಟ್ಟಳು. "ನನಗದು ನೋಡಬೇಕು," ಎಂದಳು. "ಬ್ಯಾರೇ ಏನೂ ಬ್ಯಾಡ. ನಿಂತ ನೋಡಬೇಕು."

"ನಾಳೆ ಬಾ," ಎಂದುಬಿಟ್ಟರು ಗಂಗಾಬಾಯಿ. ಆಗಲೇ ನಾನು ಗಮನಿಸಿದ್ದು, ಶರಣಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. ತಾಯಿಯನ್ನು ಕರೆಯಲು ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸುನಂದಾ ಅವರನ್ನೇ ನೋಡುತ್ತಿದ್ದಳು.

"ನಾಳೆ ಆಗಂಗಿಲ್ಲ," ಎಂದರು ಶರಣಪ್ಪ. ಆಮೇಲೆ, "ಮಳಿ ಆಗೇದ, ಹೊಲದಾಗ ಕಾಲು ಹುಗೀತಾವ. ಎರಡ ದಿನ ಬಿಟ್ಟ ಬರ್ರಿ. ನಾನ ಗಾಡಿ ತರ್ತೀನಿ. ನಿಮ್ಮವ್ವನ್ನೂ ಕರಕೊಂಡ ಬರ್ರಿ," ಎಂದರು.

ಸುನಂದಾ ತಲೆಯಾಡಿಸಿದಳು. ಒಳಗಿನಿಂದ ಕುರ್ಚಿ ತಂದಿಟ್ಟಳು. ಅವರು ಕುಳಿತರು.

ಸಂಜೆಯ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೊರಟಾಗ ಲೊರೇನ್ ಕೇಳಿದರು: "ಕೊನೆಗೆ ಶರಣಪ್ಪ ಹೇಳಿದ್ದು ಎರಡು ದಿನ ಬಿಟ್ಟು ಬಾ ಅಂತ ಅಷ್ಟೇ ಅಲ್ಲವೇ? ನಿಮ್ಮ ಕಣ್ಣಲ್ಲಿ ನೀರು ಯಾಕೆ ಬಂತು?"

ನಮ್ಮ ಮಾತಿನಲ್ಲಿ 'ಬಾ' ಬೇರೆ, 'ಬರ್ರಿ' ಬೇರೆ ಎಂದೆ. ಶರಣಪ್ಪನವರ ಮನೆಯವರು ಮರೆಪ್ಪನ ಮನೆಯವರಿಗೆ, ಮುದುಕರಿಗೂ ಕೂಡ, ತಲೆಮಾರುಗಟ್ಟಲೆ 'ಬಾ' ಎಂದೇ ಹೇಳಿಕೊಂಡು ಬಂದವರು. ನಿಮ್ಮ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು, ಅದಕ್ಕೇ ಅನುವಾದದಲ್ಲಿ ಬರಲಿಲ್ಲ ಎಂದೆ.

ಲೊರೇನ್ ಕಿಟಕಿಯ ಸರಳು ಹಿಡಿದು ಹೊರಗೆ ನೋಡಿದರು. ಅಕ್ಕಲಕೋಟ ಹಿಂದೆ ಸರಿಯುತ್ತಿತ್ತು.

"ಅರ್ಥವಾಯಿತು," ಎಂದರು. "ನನ್ನ ಅಜ್ಜನನ್ನು ಎಪ್ಪತ್ತನೇ ವಯಸ್ಸಿನಲ್ಲೂ ಬಿಳಿಯರು 'ಏ ಹುಡುಗ' ಎಂದೇ ಕರೆಯುತ್ತಿದ್ದರು. ಒಮ್ಮೆ ಅಂಗಡಿಯಲ್ಲಿ ಹೊಸದಾಗಿ ಬಂದ ಬಿಳಿಯನೊಬ್ಬ 'ಮಿಸ್ಟರ್' ಎಂದು ಕೂಗಿದ. ಅಜ್ಜ ಹಿಂತಿರುಗಿ ನೋಡಿದರಂತೆ, ತಮ್ಮ ಹಿಂದೆ ಯಾರು ನಿಂತಿದ್ದಾರೆ ಎಂದು."