ಚೀಟಿ ಮಾವ

ಬಡಾವಣೆಯ ಹಳೆಯ ವಿಡಿಯೊಗಳು ಇಂಟರ್ನೆಟ್ಟಿಗೇರಿದ ಮೊದಲ ದಿನವೇ, ತುಂಬಿದ ಸಭೆಯಲ್ಲಿ ಯಾರೋ ತಮಾಷೆಗೆ ‘ಗೊರಕೆ’ ಎಂದು ಹುಡುಕಿದರು. ಪರದೆಯ ಮೇಲೆ ಮೂಡಿದ್ದು ಸಂಘದ ಅಧ್ಯಕ್ಷರ ಭಾಷಣ. ಅಧ್ಯಕ್ಷರು ಕೆಂಪಾದರು, ವಿಡಿಯೊಗಳಿಗೆ ವಿವರ ಬರೆದಿದ್ದ ಚೀಟಿ ಮಾವ ಬೆವೆತರು. "ಸುಳ್ಳು ಬರೆದಿಲ್ಲ ಸಾರ್, ಮೂರನೇ ಸಾಲಲ್ಲಿ ನಿದ್ದೆ ಹೊಡೀತಿರೋರನ್ನ ನೋಡಿ!" ಬರೀ ಹೆಸರು, ತಾರೀಖು ಬರೆದು ಕೈತೊಳೆದುಕೊಳ್ಳುವ ಜಾಯಮಾನ ಅವರದಲ್ಲ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಕಂಪ್ಯೂಟರಿಗೇ ಭೂತಗನ್ನಡಿ ಹಿಡಿದು, ಹುಡುಕುವವರಿಗೆ ಸಿಗಲೆಂದು ಪ್ರತಿ ವಿಡಿಯೊಗೂ ವಿವರದ ಚೀಟಿ ಅಂಟಿಸುತ್ತಾರೆ: ‘ಮುರಿದ ಕುರ್ಚಿ’, ‘ಮೈಕಿನ ಕಿರುಚಾಟ’, ‘ಭಾಷಣ ಮುಗಿಯುವ ಮೊದಲೇ ಊಟಕ್ಕೆ ಎದ್ದವರು’. "ಚೀಟಿಯಿಲ್ಲದ ವಿಡಿಯೊ, ವಿಳಾಸವಿಲ್ಲದ ನೆಂಟ, ಇದ್ರೂ ಒಂದೇ ಬಿಟ್ರೂ ಒಂದೇ" ಎನ್ನುತ್ತಾರೆ. ಮನೆಯ ಡಬ್ಬಿಗಳಿಗೆಲ್ಲ ಚೀಟಿ ಹತ್ತಿದ ಮೇಲೆ ಹೆಂಡತಿ, "ನನ್ನ ಹಣೆಗೂ ಒಂದು ಅಂಟಿಸಿಬಿಡಿ, ಕಳೆದುಹೋದ್ರೆ ಸಿಗ್ತೀನಿ" ಎಂದರಂತೆ. ಮೊನ್ನೆ ಬಟ್ಟೆ ಹೊಲಿಯುವ ಅಕ್ಕ ಬಂದಳು. ತೀರಿಕೊಂಡ ತಾಯಿಯದು ಒಂದು ಫೋಟೊ ಕೂಡ ಆಕೆಯಲ್ಲಿರಲಿಲ್ಲ; ಹಳೆಯ ವಿಡಿಯೊದಲ್ಲಾದರೂ ಮುಖ ಸಿಕ್ಕೀತೇ ಎಂದು ಕೇಳಿದಳು. "ಅಮ್ಮ ಯಾವತ್ತೂ ವೇದಿಕೆ ಹತ್ತಿದವಳಲ್ಲ ಮಾವ." "ಮತ್ತೆ ಸಮಾರಂಭದಲ್ಲಿ ಏನ್ಮಾಡೋರು?" "ಹಿಂದೆ ಕೂತು ಲೋಟ ತೊಳೀತಿದ್ಲು." ಮಾವ ‘ಲೋಟ ತೊಳೆಯುವ ಹೆಂಗಸು’ ಎಂದು ಒತ್ತಿದರು. ಹನ್ನೊಂದು ವಿಡಿಯೊ ಬಂದವು. ಒಂದರಲ್ಲಿ ಅಮ್ಮ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು. ಅಕ್ಕ ಅದನ್ನು ನಾಲ್ಕು ಸಲ ನೋಡಿ, ಕಣ್ಣೊರೆಸಿಕೊಂಡು ಕೇಳಿದಳು: "ಎಲ್ಲರನ್ನೂ ಹುಡುಕಿಕೊಡ್ತೀರಲ್ಲ, ನಿಮ್ಮನ್ನ ನೋಡ್ಬೇಕಾದ್ರೆ ಏನಂತ ಹುಡುಕ್ಲಿ ಮಾವ?" "ನಾನೆಲ್ಲಮ್ಮಾ ಸಿಗ್ತೀನಿ, ಕ್ಯಾಮೆರಾ ಹಿಡಿದಿದ್ದೋನೇ ನಾನು. ‘ಅಲುಗಾಡಿದ ವಿಡಿಯೊ’ ಅಂತ ಹಾಕು, ಎಲ್ಲಾ ನಂದೇ."